ಞಾಂದುತಿ: ಪರಾಗ್ವೆಯ ಜೇಡರ ಬಲೆ ಲೇಸನ್ನು ಮನೆಯಲ್ಲಿ ಹೆಣೆಯುವ ಬಗೆ

ವರ್ಣಮಾಲೆಯಲ್ಲಿ ಚ ಛ ಜ ಝ ಮುಗಿದ ಮೇಲೆ ಬರುವ ಞ ಅಕ್ಷರವನ್ನು ಸ್ಲೇಟಿನ ಮೇಲೆ ತಿದ್ದಿದ್ದೆನೇ ಹೊರತು, ಅದರಿಂದ ಶುರುವಾಗುವ ಒಂದೇ ಒಂದು ಪದ ನನಗೆ ಗೊತ್ತಿರಲಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ಸಿಕ್ಕಿತು. ಞಾಂದುತಿ. ಪರಾಗ್ವೆ ದೇಶದ ಗುವರಾನಿ ಭಾಷೆಯ ಪದ ಅದು. ಞಾಂದು ಅಂದರೆ ಜೇಡ, ತಿ ಅಂದರೆ ಬಿಳುಪು. ಕೊನೆಯ ‘ತಿ’ಯನ್ನು ಒತ್ತಿ, ಚೂರು ಮೂಗಿನಲ್ಲಿ ಹೇಳಬೇಕು.

ನನ್ನ ಅಕ್ಕನ ಮಗಳು ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದಾಗ ರಜೆ ಹಾಕಿ ಪಕ್ಕದ ಪರಾಗ್ವೆಗೆ ಹೋಗಿಬಂದಿದ್ದಳು. ಊರಿಗೆ ಬಂದವಳು ಹನುಮಂತನಗರದ ನನ್ನ ಹೊಲಿಗೆ ಅಂಗಡಿಗೆ ಬಂದು, ಬ್ಲೌಸಿನ ಅಳತೆ ಕೊಡುವ ಮೊದಲೇ, ತೆಳು ಕಾಗದದಲ್ಲಿ ಸುತ್ತಿದ್ದ ಅಂಗೈಯಗಲದ ಒಂದು ಲೇಸ್ ತೆಗೆದು ಕಟಿಂಗ್ ಟೇಬಲ್ ಮೇಲಿಟ್ಟಳು. “ಚಿಕ್ಕಮ್ಮ, ಇದನ್ನ ಬೇರೆ ಯಾರಿಗೂ ಕೊಡೋಕೆ ಮನಸ್ಸು ಬರ್ಲಿಲ್ಲ” ಅಂದಳು.

ನಮ್ಮಮ್ಮ ಧಾರವಾಡದ ಕಡೆಯವರು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ಕಸೂತಿಯ ಈ ನಾಲ್ಕೂ ಹೊಲಿಗೆ ನನಗೆ ಬಂದದ್ದು ಅವರ ಮಡಿಲಲ್ಲಿ ಕೂತು. ಹೊಸ ಕೈಕೆಲಸ ಕಂಡರೆ ಮೊದಲು ಹಿಂದು ತಿರುಗಿಸಿ ನೋಡುವುದು ಅವರಿಂದ ಬಂದ ಅಭ್ಯಾಸ. ಇದನ್ನೂ ತಿರುಗಿಸಿದೆ. ಹಿಂದೆ ಬಟ್ಟೆಯೇ ಇರಲಿಲ್ಲ. ಬರೀ ನೂಲು. ನಡುವೆ ನಾಣ್ಯದಷ್ಟು ಗಟ್ಟಿ ನೇಯ್ಗೆ, ಅದರಿಂದ ಸುತ್ತಲೂ ಚಾಚಿಕೊಂಡ ಕಡ್ಡಿಗಳು, ಕಡ್ಡಿಗಳ ನಡುವೆ ಅರಳಿದ ಎಸಳುಗಳು, ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳ ಸಾಲು. ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ, ಪೆನ್ಸಿಲ್ ಗೆರೆಯೂ ಇಲ್ಲ, ಎಳೆ ಎಣಿಸಿಯೇ ತೇರು, ಗೋಪುರ ಎಲ್ಲ ಏಳಬೇಕು. ಇಲ್ಲಿ ಮೊದಲು ಗೆರೆ ಹಾಕುತ್ತಾರೆ, ಗಂಟಿನ ಮೇಲೇ ಇಡೀ ಕೆಲಸ ನಿಂತಿದೆ, ಕೊನೆಗೆ ಆಧಾರವಾಗಿದ್ದ ಬಟ್ಟೆಯನ್ನೇ ಕತ್ತರಿಸಿ ತೆಗೆಯುತ್ತಾರೆ. ನಾನು ಕಲಿತದ್ದಕ್ಕೆ ಪೂರ್ತಿ ತಿರುವುಮುರುವು. ಆ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಸೂಜಿ ಮೊನೆಯಿಂದ ಒಂದೊಂದೇ ಕಡ್ಡಿ ಬಿಡಿಸಿ ಎಣಿಸುತ್ತಾ ಕೂತವಳಿಗೆ ಗಂಟೆ ಹನ್ನೆರಡಾದದ್ದು ಗೊತ್ತಾಗಲಿಲ್ಲ.

ಈ ಕೆಲಸದ ತವರು ಇತಾಗುವಾ ಎಂಬ ಊರು. ರಾಜಧಾನಿ ಅಸುನ್ಸಿಯೋನ್‌ನಿಂದ ಸುಮಾರು 30 ಕಿಲೋಮೀಟರ್, ನಮ್ಮ ಮೆಜೆಸ್ಟಿಕ್‌ನಿಂದ ಬಿಡದಿಗೆ ಹೋದ ಹಾಗೆ. ಸೂರ್ಯನ ಕಿರಣದಂತೆ ನೂಲು ಹಾಯಿಸುವ ಹೊಲಿಗೆ ಬಂದದ್ದು ಸ್ಪೇನಿನವರ ಜೊತೆ. ಕೆನರಿ ದ್ವೀಪಗಳ ಟೆನೆರಿಫೆಯಲ್ಲಿ ಇದರ ಅಕ್ಕತಂಗಿಯಂಥ ಲೇಸ್ ಈಗಲೂ ಇದೆ. ಆದರೆ ಪರಾಗ್ವೆಯ ಹೆಂಗಸರು ಆ ಕಡ್ಡಿಗಳ ನಡುವೆ ತುಂಬಿದ್ದು ತಮ್ಮ ಹಿತ್ತಲನ್ನು. ಸೀಬೆ ಹೂವು, ಮಲ್ಲಿಗೆ, ಪ್ಯಾಶನ್ ಫ್ರೂಟಿನ ಹೂವು, ಜೋಳದ ಹೂವು, ದನದ ಗೊರಸಿನ ಗುರುತು. ಹೆಸರನ್ನೂ ತಮ್ಮ ಭಾಷೆಯಲ್ಲೇ ಇಟ್ಟರು.

ಆ ಭಾಷೆಯ ವಿಷಯ ನನ್ನನ್ನು ಬಹಳ ತಟ್ಟಿತು. ದಕ್ಷಿಣ ಅಮೆರಿಕದ ಬೇರೆ ದೇಶಗಳಲ್ಲಿ ಮೂಲನಿವಾಸಿಗಳ ಭಾಷೆಗಳು ಹೆಚ್ಚಾಗಿ ಅವರವರ ಕೇರಿಗಳಲ್ಲೇ ಉಳಿದಿವೆ. ಪರಾಗ್ವೆಯಲ್ಲಿ ಸ್ಪೇನಿನ ರಕ್ತ ಬೆರೆತವರೂ, ಪೇಟೆಯವರೂ, ಮಂತ್ರಿಗಳೂ ಗುವರಾನಿ ಆಡುತ್ತಾರೆ. 1992ರ ಸಂವಿಧಾನ ಅದನ್ನು ಸ್ಪ್ಯಾನಿಷ್ ಜೊತೆಗೆ ಅಧಿಕೃತ ಭಾಷೆ ಮಾಡಿತು. ಅಲ್ಲಿನ ದುಡ್ಡಿನ ಹೆಸರೂ ಗುವರಾನಿ. ಎರಡು ಭಾಷೆ ಕಲೆಸಿ ಆಡುವುದಕ್ಕೆ ‘ಜೋಪಾರಾ’ ಅನ್ನುತ್ತಾರೆ. ನಮ್ಮ ಗಾಂಧಿ ಬಜಾರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಒಂದೇ ಉಸಿರಿನಲ್ಲಿ ಬಂದ ಹಾಗೆ. ಲೇಸಿನ ವಿಡಿಯೊಗಳಲ್ಲಿ ಅಜ್ಜಿಯರು ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಅಕ್ಕನ ಮಗಳು ನನಗೆ ಬಿಡಿಸಿ ಹೇಳುತ್ತಿದ್ದಳು. ಕೈ ಕಷ್ಟದ ಜಾಗಕ್ಕೆ ಬಂದ ಕೂಡಲೇ ಅವರು ಗುವರಾನಿಗೆ ಹೊರಳುತ್ತಿದ್ದರು, ಅಲ್ಲಿ ಇವಳು ಸುಮ್ಮನಾಗುತ್ತಿದ್ದಳು. ಆ ಜಾಗಗಳನ್ನೆಲ್ಲ ನಾನು ಕೈ ನೋಡಿಯೇ ಕಲಿತೆ.

ಇನ್ನು ಸಾಮಾನು. ಎಂಟು ಇಂಚಿನ ಮರದ ರಿಂಗ್ ಸಾಕು. ಇತಾಗುವಾದಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕೂರುತ್ತಾರೆ. ನಿಮ್ಮಲ್ಲಿ ಆರಿ ವರ್ಕಿನ ಫ್ರೇಮ್ ಇದ್ದರೆ ಅದೇ ಒಳ್ಳೆಯದು. ರಿಂಗ್ ಆದರೆ ಒಳಬಳೆಗೆ ಹಳೇ ಸೀರೆಯ ಪಟ್ಟಿ ಸುತ್ತಿ, ಬಟ್ಟೆ ಜಾರುವುದಿಲ್ಲ. ಬಟ್ಟೆಗೆ ಗಾಢ ಬಣ್ಣದ ಟೂ ಬೈ ಟೂ ಬ್ಲೌಸ್ ಪೀಸ್ ತನ್ನಿ, ಬಿಳಿ ನೂಲು ಎದ್ದು ಕಾಣಬೇಕು. ನೂಲು 40 ನಂಬರಿನ ಕ್ರೋಶಾ ಹತ್ತಿ ನೂಲು, ಚಿಕ್ಕಪೇಟೆಯ ಲೇಸ್ ಅಂಗಡಿಗಳಲ್ಲಿ ಸಿಗುತ್ತದೆ. 20 ನಂಬರ್ ಬೇಡ, ನಡುವೆ ಗುಡ್ಡೆ ಕಟ್ಟುತ್ತದೆ. ಒಂದು ಚೂಪು ಸೂಜಿ, ಒಂದು ಮೊಂಡು ಮೊನೆಯ ಸೂಜಿ, ಮಿಷನ್ನಿಗೆ ಹಾಕುವ ಕೆಂಪು ಪಾಲಿಯೆಸ್ಟರ್ ದಾರ, ಒಂದು ಚೂರು ಜೇನುಮೇಣ, ಕೈವಾರ.

ಬಟ್ಟೆಯನ್ನು ಮೊದಲು ಉಪ್ಪುನೀರಿನಲ್ಲಿ ನೆನೆಹಾಕಿ, ಒಗೆದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ನಾನು ಇದನ್ನು ಮಾಡಲಿಲ್ಲ. ಹನ್ನೊಂದು ಸಂಜೆ ಕೂತು ಹೆಣೆದ ನನ್ನ ಮೊದಲ ಹೂವು ಗಂಜಿ ಹಾಕಿದ ದಿನ ಮರೂನ್ ಬಣ್ಣ ಕುಡಿದು ಗುಲಾಬಿಯಾಯಿತು. ಅದನ್ನು ನೋಡಿದಾಗ ಹೊಟ್ಟೆ ತೊಳೆಸಿದ ಹಾಗಾಯಿತು. ಈಗಲೂ ಅದು ನನ್ನ ದಾರದ ಡಬ್ಬದಲ್ಲಿದೆ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಬಟ್ಟೆ ಬಿಗಿದು, ತಮಟೆಯ ಹಾಗೆ ಟಣ್ ಅನ್ನುವಷ್ಟು ಎಳೆದ ಮೇಲೆ, ಕೈವಾರದಿಂದ 4 ಸೆಂಟಿಮೀಟರ್ ತ್ರಿಜ್ಯದ ವೃತ್ತ ಹಾಕಿ. ಅಷ್ಟೇ ದೊಡ್ಡದೊಂದು ಕಾಗದದ ವೃತ್ತ ಕತ್ತರಿಸಿ ನಾಲ್ಕು ಸಲ ಮಡಚಿದರೆ 16 ಭಾಗ ಬರುತ್ತದೆ. ಒಂದೊಂದು ಭಾಗದ ನಡುವೆ ಇನ್ನೊಂದು ಗುರುತು ಹಾಕಿದರೆ 32. ಕಾಗದವನ್ನು ಬಟ್ಟೆಯ ಮೇಲಿಟ್ಟು ಆ 32 ಚುಕ್ಕಿಗಳನ್ನು ಇಳಿಸಿ. ರಂಗೋಲಿ ಹಾಕುವವರಿಗೆ ಇದು ನೀರು ಕುಡಿದಷ್ಟು ಸುಲಭ.

ಇತಾಗುವಾದ ಕೈಗಳು ನೂಲನ್ನು ನೇರ ಬಟ್ಟೆಗೇ ಚುಚ್ಚಿ ಹಾಯಿಸುತ್ತವೆ, ಕೊನೆಗೆ ಬಟ್ಟೆಯನ್ನು ಅಂಚಿನಲ್ಲಿ ಕತ್ತರಿಸುತ್ತವೆ. ಹೊಸಬರು ಅದನ್ನು ಮಾಡಹೋದರೆ ಕತ್ತರಿ ಕಡ್ಡಿಗೇ ಬೀಳುತ್ತದೆ, ನನ್ನದು ಎರಡು ಸಲ ಬಿದ್ದಿದೆ. ಅದಕ್ಕೆ ನಾನು ಟೆನೆರಿಫೆಯವರ ಉಪಾಯದಿಂದ ಶುರು ಮಾಡಿಸುತ್ತೇನೆ. ಕೆಂಪು ದಾರ ಚೂಪು ಸೂಜಿಗೆ ಪೋಣಿಸಿ, ಚುಕ್ಕಿಯಿಂದ ಚುಕ್ಕಿಗೆ ಹಿಂದಕ್ಕೆ ಬಂದು ಮುಂದಕ್ಕೆ ಹೋಗುವ ಬಖಿಯಾ ಹೊಲಿಗೆ ಹಾಕಿ. ವೃತ್ತದ ಸುತ್ತ ಮುಂಬದಿಯಲ್ಲಿ ಸಾಲಾಗಿ 32 ಕೆಂಪು ಹೊಲಿಗೆ ಕಾಣಬೇಕು, ಒಂದೊಂದೂ ಮುಕ್ಕಾಲು ಸೆಂಟಿಮೀಟರ್. ಇವೇ ನಿಮ್ಮ ಕೊಕ್ಕೆಗಳು. ಬಿಳಿ ನೂಲು ಇವುಗಳ ಅಡಿಯಲ್ಲಿ ನುಸುಳಬೇಕು, ಬಟ್ಟೆಗೆ ಎಲ್ಲಿಯೂ ಚುಚ್ಚಬಾರದು.

ಈಗ ಬಿಳಿ ನೂಲು ಮೂರು ಮೀಟರ್, ಒಂದೇ ಎಳೆ. ಕಡ್ಡಿ ಹಾಯಿಸುವಾಗ ನಡುವೆ ಜೋಡಣೆ ಬರಬಾರದು. ಜೇನುಮೇಣದ ಮೇಲೆ ಎರಡು ಸಲ ಎಳೆದರೆ ಸಿಕ್ಕಾಗುವುದಿಲ್ಲ. ಮೊಂಡು ಸೂಜಿಗೆ ಪೋಣಿಸಿ, ವೃತ್ತದ ನಡುವೆ ಒಂದು ಗೇಣು ಬಾಲ ಬಿಟ್ಟು, 1ನೇ ಹೊಲಿಗೆಯ ಅಡಿ ನುಸುಳಿಸಿ, ನೇರ ಎದುರಿನ 17ನೆಯದಕ್ಕೆ ಹೋಗಿ. ಅಲ್ಲಿಂದ 2ಕ್ಕೆ. ಅಲ್ಲಿಂದ 18ಕ್ಕೆ. ಹೀಗೆ ಮೇಲೆ ಕೆಳಗೆ ಹೋಗುತ್ತಾ 16, ಕೊನೆಗೆ 32. ಅಲ್ಲಿಂದ ನಡುವಿಗೆ ವಾಪಸ್ ಬಂದು, ಎಲ್ಲ ಕಡ್ಡಿಗಳ ಅಡಿಯಿಂದ ಸೂಜಿ ತೂರಿಸಿ, ಬಿಟ್ಟಿದ್ದ ಬಾಲದ ಜೊತೆ ಗಂಟು ಹಾಕಿ. ನೂಲು ಬಿಗಿಯಾಗಿರಬೇಕು, ಆದರೆ ಬಟ್ಟೆ ಸುಕ್ಕಾಗಬಾರದು. ಎಲ್ಲ ಕಡ್ಡಿಗಳೂ ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಗಾಬರಿ ಬೇಡ, ಗಂಟು ಬಿಗಿಯುವಾಗ ಉಗುರಿನಿಂದ ನಡುವಿಗೆ ತಳ್ಳಿ. ಒಂದೊಂದು ಕೊಕ್ಕೆಯಿಂದ ಎರಡೆರಡು ಎಳೆ ಹೊರಡುತ್ತವೆ. ಆ ಜೋಡಿಯನ್ನು ಒಂದು ಕಡ್ಡಿ ಎಂದು ಎಣಿಸಿ. ಒಟ್ಟು 32 ಕಡ್ಡಿ.

ನಡುವಿನ ನೇಯ್ಗೆಯಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಬುಟ್ಟಿ ಹೆಣೆದ ಹಾಗೆ ಸುತ್ತು ಬರಬೇಕು. ಮೊದಲ ಸುತ್ತು ಚೆನ್ನಾಗಿಯೇ ಕೂರುತ್ತದೆ. ಎರಡನೇ ಸುತ್ತಿಗೆ ಬಂದಾಗ ಸೂಜಿ ಮೊದಲು ಮೇಲೆ ಹೋದಲ್ಲೇ ಮತ್ತೆ ಮೇಲೆ ಹೋಗುತ್ತದೆ, ಯಾಕೆಂದರೆ 32 ಸಮಸಂಖ್ಯೆ. ನೇಯ್ಗೆ ಕಟ್ಟುವುದೇ ಇಲ್ಲ, ನೂಲು ಒಂದರ ಮೇಲೊಂದು ಸುರುಳಿಯಾಗಿ ಬಿಡುತ್ತದೆ. ನಮ್ಮ ಬೀದಿಯ ಪಿಯುಸಿ ಹುಡುಗಿ ಒಬ್ಬಳು ಇದೇ ಜಾಗದಲ್ಲಿ ಮೂರು ಸಲ ಬಿಚ್ಚಿ, “ಮೇಡಂ, ನನ್ ಕೈಲಿ ಆಗಲ್ಲ” ಅಂತ ರಿಂಗ್ ಕೆಳಗಿಟ್ಟಿದ್ದಳು. ಅವಳ ಕೈ ಸರಿಯಾಗಿಯೇ ಇತ್ತು, ನಾನೇ ಹೇಳಿಕೊಟ್ಟಿರಲಿಲ್ಲ. ಪ್ರತಿ ಸುತ್ತು ಮುಗಿಯುವಾಗ ಒಂದೇ ಒಂದು ಸಲ ಎರಡು ಕಡ್ಡಿಗಳನ್ನು ಒಟ್ಟಿಗೆ ಹಿಡಿದು ದಾಟಿ. ಲೆಕ್ಕ ಒಂದು ಹೆಜ್ಜೆ ಸರಿಯುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿದ್ದದ್ದು ಕೆಳಗಾಗುತ್ತದೆ. ಆರರಿಂದ ಎಂಟು ಸುತ್ತು ಸಾಕು. ಸುತ್ತು ಸುತ್ತಿಗೂ ಸೂಜಿಯ ಬೆನ್ನಿನಿಂದ ನೂಲನ್ನು ನಡುವಿಗೆ ಒತ್ತಿ.

ಈ ಸುತ್ತುಗಳನ್ನು ಹಾಕುವಾಗ ಹುಡುಗಿಯರಿಗೆ ನಾನು ಹೇಳುವ ಒಂದು ಕತೆ ಇದೆ. ಪರಾಗ್ವೆಯಲ್ಲಿ ಇದನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತಾರಂತೆ. ಯುವಕನೊಬ್ಬ ತಾನು ಮೆಚ್ಚಿದವಳಿಗೆ ಯಾರೂ ಕೊಡದ ಉಡುಗೊರೆ ಕೊಡಬೇಕೆಂದು ಕಾಡಿಗೆ ಹೋಗಿ, ಮರದ ತುದಿಯಲ್ಲಿ ಹೊಳೆಯುವ ಬಲೆಯೊಂದನ್ನು ಕಾಣುತ್ತಾನೆ. ಕೈ ಹಾಕಿದರೆ ಅದು ಬೆರಳಲ್ಲೇ ಕರಗಿಹೋಗುತ್ತದೆ. ಸಪ್ಪೆ ಮುಖ ಹೊತ್ತು ಮನೆಗೆ ಬಂದವನ ಜೊತೆ ಅವನ ತಾಯಿ ಕಾಡಿಗೆ ಹೋಗುತ್ತಾಳೆ. ಜೇಡ ಹೋಗಿಬರುವುದನ್ನು ನೋಡುತ್ತಾ ಕೂತು, ತನ್ನದೇ ತಲೆಯ ನರೆತ ಕೂದಲು ಕಿತ್ತು, ಹಾಗೇ ಹೆಣೆದು ಮಗನ ಕೈಗೆ ಕೊಡುತ್ತಾಳೆ. ಹೆಸರಿನಲ್ಲಿರುವ ಬಿಳುಪು ಆ ಕೂದಲಿನದು ಎಂದೇ ನನಗೆ ಅನ್ನಿಸುವುದು.

ಎಸಳಿಗೆ ಬನ್ನಿ. 32 ಕಡ್ಡಿಯನ್ನು ನಾಲ್ಕು ನಾಲ್ಕಾಗಿ ಭಾಗ ಮಾಡಿದರೆ ಎಂಟು ಎಸಳು. ನಡುವಿನ ಚಕ್ಕೆಯ ಅಂಚಿನಿಂದ ಹೊರಟು, ನಾಲ್ಕು ಕಡ್ಡಿಗಳ ಮೇಲೆ ಕೆಳಗೆ ಮಾಡುತ್ತಾ ಆ ತುದಿಗೆ ಹೋಗಿ, ತಿರುಗಿ ಈ ತುದಿಗೆ ಬನ್ನಿ, ಹರಿದ ಬಟ್ಟೆಗೆ ರಫೂ ಹಾಕುವ ಹಾಗೆ. ಎಸಳಿನ ಹೊಟ್ಟೆ ಅಗಲವಾಗಬೇಕಾದ ಕಡೆ ನೂಲು ಸಡಿಲ ಬಿಡಿ, ಜಗ್ಗಿದರೆ ಸೊಂಟ ಕಟ್ಟಿದ ಹಾಗೆ ಒಳಸೇರುತ್ತದೆ. ಹದಿನಾಲ್ಕು ಹದಿನೈದು ಸಾಲಾದ ಮೇಲೆ ಎರಡು ಬದಿಯ ಕಡ್ಡಿ ಬಿಟ್ಟು, ನಡುವಿನ ಎರಡರ ಮೇಲೆ ಮಾತ್ರ ನಾಲ್ಕು ಸಾಲು ಹಾಕಿದರೆ ತುದಿ ಚೂಪಾಗುತ್ತದೆ. ಸೂಜಿಯನ್ನು ಎಸಳಿನ ಹಿಂಬದಿಯಿಂದ ಚಕ್ಕೆಯವರೆಗೆ ಇಳಿಸಿ ಮುಂದಿನ ಎಸಳು ಶುರು ಮಾಡಿ. ಒಂದು ಎಸಳಿಗೆ ನನಗೆ ಅರ್ಧ ಗಂಟೆ ಬೇಕು. ದಿನಕ್ಕೆ ಎರಡಕ್ಕಿಂತ ಹೆಚ್ಚು ಹಾಕಬೇಡಿ, ಕಣ್ಣು ದಣಿದಾಗ ಹಾಕಿದ ಎಸಳು ದಣಿದೇ ಕಾಣುತ್ತದೆ.

ಎಸಳಿನ ತುದಿ ಮತ್ತು ಕೆಂಪು ಹೊಲಿಗೆಯ ನಡುವೆ ಉಳಿದ ಜಾಗದಲ್ಲಿ ಗಂಟಿನ ಸಾಲು. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಹೊಸ ನೂಲಿನಿಂದ ಕಡ್ಡಿಯ ಅಡಿಗೆ ಸೂಜಿ ತೂರಿಸಿ, ನೂಲನ್ನು ಸೂಜಿಯ ಮೊನೆಗೆ ಒಂದು ಸುತ್ತು ಹಾಕಿ ಎಳೆಯಿರಿ. ಒಂದೊಂದು ಕಡ್ಡಿಗೂ ಒಂದು ಗಂಟು, 32 ಗಂಟು. ಬಟ್ಟೆ ಹೋದ ಮೇಲೆ ಲೇಸನ್ನು ಹಿಡಿದಿಡುವುದು ಈ ಸಾಲೇ, ಒಂದನ್ನೂ ಬಿಡಬೇಡಿ. ಕೈ ಪಳಗಿದವರು ಇದರ ಒಳಗೆ ಇನ್ನೂ ಎರಡು ಸಾಲು ಹಾಕಿ, ಪಕ್ಕದ ಕಡ್ಡಿಗಳ ಎಳೆಗಳನ್ನು ಅದಲುಬದಲು ಕೂಡಿಸಿ, ವಜ್ರದ ಆಕಾರದ ಕಿಂಡಿಗಳನ್ನು ತೆಗೆಯುತ್ತಾರೆ.

ನಡುನಡುವೆ ಬಿಡುವು ಬೇಕು. ಪರಾಗ್ವೆಯವರು ಬಿಸಿಲಲ್ಲಿ ಕುಡಿಯುವುದು ತೆರೆರೆ. ಯೆರ್ಬಾ ಎಲೆಯ ಪುಡಿಗೆ ತಣ್ಣೀರು ಹಾಕಿ, ಲೋಹದ ಕೊಳವೆಯಿಂದ ಹೀರುವ ಪಾನೀಯ. ಬೇರು ಸೊಪ್ಪುಗಳನ್ನು ಕುಟ್ಟಿ ಆ ನೀರಿಗೆ ಹಾಕುತ್ತಾರೆ, ಅದರಲ್ಲಿ ನಮ್ಮ ಮಜ್ಜಿಗೆ ಹುಲ್ಲೂ ಪುದೀನ ಜಾತಿಯ ಸೊಪ್ಪೂ ಉಂಟು. 2020ರಲ್ಲಿ ಯುನೆಸ್ಕೊ ಈ ತಿಳಿವಳಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೂತವರೆಲ್ಲರಿಗೂ ಒಂದೇ ಪಾತ್ರೆ, ಒಬ್ಬರು ತುಂಬಿ ತುಂಬಿ ಕೊಡುತ್ತಾ ಹೋಗುತ್ತಾರೆ. ‘ಗ್ರಾಸಿಯಾಸ್’ ಅಂದರೆ ಇನ್ನು ಸಾಕು ಎಂದರ್ಥ, ಅದಕ್ಕೇ ಮೊದಲ ಸುತ್ತಿನಲ್ಲೇ ಹೇಳಬಾರದು. ನಮ್ಮ ಅಂಗಡಿಯಲ್ಲಿ ಯೆರ್ಬಾ ಇಲ್ಲ, ಮಜ್ಜಿಗೆ ಹುಲ್ಲಿನ ತಣ್ಣೀರು ಮಾತ್ರ. ಅದನ್ನು ನಾವು ತೆರೆರೆ ಎಂದು ಕರೆಯುವುದಿಲ್ಲ.

ಹೂವು ಮುಗಿದ ಮೇಲೆ ಗಂಜಿ. ಇಲ್ಲಿ ನನಗೆ ಬಹಳ ಸಂತೋಷವಾದ ಒಂದು ಸಂಗತಿ ಇದೆ. ಪರಾಗ್ವೆಯವರ ಊಟದಲ್ಲಿ ನಮ್ಮ ಅನ್ನದ ಜಾಗದಲ್ಲಿ ಇರುವುದು ಮರಗೆಣಸು. ಅಲ್ಲಿ ಪಿಷ್ಟ ಅಂದರೆ ಮರಗೆಣಸಿನ ಪಿಷ್ಟವೇ. ಈಸ್ಟರ್ ಹಿಂದಿನ ವಾರ ಮನೆಮನೆಯಲ್ಲಿ ಬೇಯಿಸುವ ಚೀಪಾ ಎಂಬ ಚೀಸಿನ ಬ್ರೆಡ್ಡಿಗೂ ಅದೇ ಹಿಟ್ಟು. ಮರಗೆಣಸು ನಮ್ಮ ದೇಶಕ್ಕೆ ಬಂದದ್ದೂ ಆ ದಕ್ಷಿಣ ಅಮೆರಿಕದಿಂದಲೇ. ಸೇಲಂ ಕಡೆಯಿಂದ ನಮ್ಮ ದಿನಸಿ ಅಂಗಡಿಗೆ ಬರುವ ಸಬ್ಬಕ್ಕಿ ಅದರ ಪಿಷ್ಟದಿಂದಲೇ ಮಾಡಿದ್ದು. ಅಮ್ಮ ಕಾಟನ್ ಸೀರೆಗೆ ಹಾಕುತ್ತಿದ್ದ ಸಬ್ಬಕ್ಕಿ ಗಂಜಿಯೇ ಞಾಂದುತಿಗೂ ಸರಿ. ಎರಡು ಚಮಚ ಸಬ್ಬಕ್ಕಿ ಒಂದು ಗಂಟೆ ನೆನೆಸಿ, ಎರಡು ಲೋಟ ನೀರಿನಲ್ಲಿ ಕಾಳು ಕರಗಿ ಪಾರದರ್ಶಕವಾಗುವ ತನಕ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಲೇಸ್ ಇನ್ನೂ ರಿಂಗಿನಲ್ಲಿರುವಾಗಲೇ ಸೋಪಿನ ನೀರು ಮುಟ್ಟಿಸಿ, ತೊಳೆದು, ಉಗುರುಬೆಚ್ಚಗಿನ ಗಂಜಿಯನ್ನು ಬ್ರಷ್‌ನಿಂದ ಹಚ್ಚಿ. ಎಸಳಿನ ನಡುವೆ ಪೊರೆ ಕಟ್ಟಿದರೆ ಊದಿ ಒಡೆಯಿರಿ. ಬೇಸಿಗೆಯಲ್ಲಿ ಟೆರೇಸಿನಲ್ಲಿ ಒಂದು ಗಂಟೆ ಸಾಕು. ಜುಲೈ ಜಡಿಮಳೆಯಲ್ಲಿ ಫ್ಯಾನ್ ಕೆಳಗೆ ಎರಡು ದಿನ ಬಿಡಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಪೂರ್ತಿ ಒಣಗಿದ ಮೇಲೆ ರಿಂಗನ್ನು ಮಗುಚಿ, ಹಿಂಬದಿಯಲ್ಲಿ ಕಾಣುವ ಕೆಂಪು ದಾರವನ್ನು ಒಂದೊಂದಾಗಿ ಕತ್ತರಿಸಿ. ಮುಂದೆ ತಿರುಗಿಸಿ ಬೆರಳಿನಿಂದ ಮೆಲ್ಲಗೆ ಎತ್ತಿದರೆ ಹೂವು ಬಟ್ಟೆ ಬಿಟ್ಟು ಏಳುತ್ತದೆ. ಎಷ್ಟು ಸಲ ಮಾಡಿದರೂ ಆ ಕ್ಷಣ ನಾನು ಉಸಿರು ಹಿಡಿದಿರುತ್ತೇನೆ.

ಈ ಕೆಲಸ ತಾಯಿಯಿಂದ ಮಗಳಿಗೆ ಬಂದದ್ದು ಸುಮ್ಮನೆ ಅಲ್ಲ. 1864ರಿಂದ 1870ರವರೆಗೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರೂ ಸೇರಿ ಪರಾಗ್ವೆಯ ಮೇಲೆ ನಡೆಸಿದ ಯುದ್ಧದಲ್ಲಿ ಅಲ್ಲಿನ ಗಂಡಸರಲ್ಲಿ ಹೆಚ್ಚಿನವರು ಸತ್ತರು. 1869ರ ಆಗಸ್ಟ್ 16ರಂದು ಅಕೋಸ್ತಾ ಞು ಎಂಬಲ್ಲಿ ಮಕ್ಕಳನ್ನೂ ಯುದ್ಧಕ್ಕೆ ನಿಲ್ಲಿಸಿದರು. ಆ ದೇಶ ಮಕ್ಕಳ ದಿನ ಆಚರಿಸುವುದು ಅದೇ ತಾರೀಖಿನಂದು. ಯುದ್ಧ ಮುಗಿದಾಗ ಹೊಲ, ಸಂತೆ, ಮನೆ ಎಲ್ಲ ನಿಂತದ್ದು ಹೆಂಗಸರ ಕೈಮೇಲೆ. ಗುವರಾನಿಯಲ್ಲಿ ಲಾಲಿ ಹಾಡಿದ ಬಾಯಿಗಳೂ ಅವರವೇ, ಸೂಜಿ ಹಿಡಿದ ಕೈಗಳೂ ಅವರವೇ.

ಇದಕ್ಕಾಗಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೆಸರು ಬದಲಿಸಬೇಡಿ. ಬ್ಲೌಸಿನ ಬೆನ್ನಿಗೆ ಈ ಹೂವು ಇಟ್ಟು ಕೊಟ್ಟಾಗ ಗಿರಾಕಿಗಳು “ಸ್ಪೈಡರ್ ಡಿಸೈನಾ?” ಅನ್ನುತ್ತಾರೆ. ನಾನು ಬಿಲ್ ಪುಸ್ತಕದಲ್ಲಿ ‘ಪರಾಗ್ವೆಯ ಞಾಂದುತಿ, ಒಂದು ಹೂವು’ ಎಂದೇ ಬರೆಯುತ್ತೇನೆ. ನಮ್ಮ ಕಸೂತಿಯನ್ನು ಮಿಷನ್ನಿನಲ್ಲಿ ಹೊಲಿದು ಬೇರೆ ಹೆಸರಿನಲ್ಲಿ ಮಾರುವುದನ್ನು ನೋಡಿದವಳು ನಾನು, ಆ ನೋವು ಗೊತ್ತು. ಪಿಯುಸಿ ಹುಡುಗಿ ಕೇಳಿದಳು, “ಮೇಡಂ, ನಾನು ಸಂಪಿಗೆ ಹೂವು ಹಾಕ್ಬೋದಾ?” ಹಾಕಬಹುದು. ಆದರೆ ಮೊದಲು ಅವರ ಸೀಬೆ ಹೂವು ಕಲಿ ಅಂದೆ. ಗುವರಾನಿಯಲ್ಲಿ ಸೀಬೆಗೆ ‘ಅರಸಾ’, ಹೂವಿಗೆ ‘ಪೋತಿ’. ಬೆಂಗಳೂರಲ್ಲಿ ಸೀಬೆ, ನಮ್ಮಮ್ಮನ ಊರಲ್ಲಿ ಪೇರಲ, ಇತಾಗುವಾದಲ್ಲಿ ಅರಸಾ. ಅವಳು ಈಗ ಮೂರನ್ನೂ ಹೇಳುತ್ತಾಳೆ. ಮೇಲೆ ನಾನು ಹೇಳಿಕೊಟ್ಟ ಎಂಟೆಸಳಿನದು ಕೈ ಪಳಗಿಸುವ ಹೂವು ಅಷ್ಟೇ, ಅದಕ್ಕೆ ಅವರ ಯಾವ ಹೂವಿನ ಹೆಸರನ್ನೂ ಅಂಟಿಸಬೇಡಿ.

ಬ್ಲೌಸಿಗೆ ಇಡುವುದಾದರೆ ಸ್ಯಾಟಿನ್ ಬೇಡ, ಜಾರುತ್ತದೆ. ಪರಾಗ್ವೆಯಲ್ಲಿ ‘ಆವೊ ಪೋಯಿ’ ಎಂಬ ತೆಳು ಹತ್ತಿ ಬಟ್ಟೆ ಇದೆ, ಹೆಸರಿನ ಅರ್ಥವೇ ತೆಳು ಬಟ್ಟೆ. ನಮ್ಮಲ್ಲಿ ತೆಳು ಖಾದಿ ಅದಕ್ಕೆ ಹತ್ತಿರ. ಅಂಚಿನ ಪುಟ್ಟ ಕುಣಿಕೆಗಳನ್ನು ಒಂದೊಂದಾಗಿ ಕಾಣದ ಹೊಲಿಗೆಯಿಂದ ಕೂರಿಸಿ, ಹಿಂದಿನ ಬಟ್ಟೆಯನ್ನು ವೃತ್ತಾಕಾರ ಕತ್ತರಿಸಿ ಅಂಚು ಮಡಚಿದರೆ ಬೆನ್ನಿನ ಬಣ್ಣ ಎಸಳುಗಳ ನಡುವೆ ಕಾಣುತ್ತದೆ. ಒಗೆಯುವಾಗ ಕೈಯಲ್ಲೇ ಒಗೆದು, ಹಿಂಡದೆ, ಟವೆಲ್ಲಿನಲ್ಲಿ ಒತ್ತಿ. ಮತ್ತೆ ಗಂಜಿ ಹಾಕಿ ದಿಂಬಿನ ಮೇಲೆ ಪಿನ್ನು ಚುಚ್ಚಿ ಒಣಗಿಸುವಾಗ ಸ್ಟೇನ್‌ಲೆಸ್ ಪಿನ್ನೇ ಇರಲಿ, ಸಾದಾ ಗುಂಡುಪಿನ್ನು ಒಂದೇ ರಾತ್ರಿಯಲ್ಲಿ ತುಕ್ಕಿನ ಕಲೆ ಬಿಡುತ್ತದೆ.